ಅತ್ತಿದ್ದಕ್ಕೆ ಹುಡುಗನನ್ನು ಬೈಯಬೇಡಿ ಮಾವ

ಮಾವ, ಬೆಳಿಗ್ಗೆ ಎದ್ದ ಕೂಡಲೇ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ನೋಡಿದೆ. ನಿನ್ನೆ, 2025ರ ಏಪ್ರಿಲ್ 12ರ ರಾತ್ರಿ, ಕೋಲ್ಕತ್ತಾದಲ್ಲಿ ನಮ್ಮ ಫುಟ್‌ಬಾಲ್ ಟೀಮು ಬೆಂಗಳೂರು ಎಫ್‌ಸಿ, ಇಂಡಿಯನ್ ಸೂಪರ್ ಲೀಗ್ ಅಂದರೆ ಐಎಸ್‌ಎಲ್ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಸೋತಿತು. ಅಕ್ಕನ ಮಗ ಪುಟ್ಟ ನೀಲಿ ಜೆರ್ಸಿ ಬಿಚ್ಚಿ ಎಸೆದು, ಊಟ ಬೇಡ ಅಂತ ಅತ್ತುಕೊಂಡು ಮಲಗಿದನಂತೆ. ಅದಕ್ಕೆ ನೀವು, "ಹುಟ್ಟಿದಾಗಿನಿಂದ ಗೆದ್ದುಕೊಂಡೇ ಬಂದ ಟೀಮು. ಅದರ ಅಭಿಮಾನಿಗಳೆಲ್ಲ ಮುದ್ದಿನಿಂದ ಕೆಟ್ಟ ಮಕ್ಕಳು, ಒಂದು ಸೋಲು ತಡೆಯೋದಿಲ್ಲ" ಅಂತ ಬರೆದಿದ್ದೀರಿ. ಟೈಪ್ ಮಾಡಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಕುಡಿಯುತ್ತಾ ಕೇಳಿ.

ನೀವು ಹೇಳಿದ್ದು ಸುಳ್ಳಲ್ಲ ಮಾವ. ಕೆಟ್ಟಿದ್ದೇವೆ. ಆದರೆ ಕೆಟ್ಟವರು ನಾವು, ಆ ಹುಡುಗ ಅಲ್ಲ.

ಲೆಕ್ಕ ನೋಡಿ. ಕ್ಲಬ್ ಶುರುವಾಗಿದ್ದು 2013ರಲ್ಲಿ. ಮೊದಲ ಸೀಸನ್ನಿನಲ್ಲೇ, 2014ರ ಏಪ್ರಿಲ್‌ನಲ್ಲಿ, ಗೋವಾಕ್ಕೆ ಹೋಗಿ ಅಲ್ಲಿನ ಡೆಂಪೋ ಟೀಮನ್ನು ಸೋಲಿಸಿ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದೆವು. 2015ರಲ್ಲಿ ಫೆಡರೇಷನ್ ಕಪ್. 2016ರಲ್ಲಿ ಮತ್ತೆ ಐ-ಲೀಗ್. 2017ರಲ್ಲಿ ಮತ್ತೆ ಫೆಡರೇಷನ್ ಕಪ್. 2018ರಲ್ಲಿ ಸೂಪರ್ ಕಪ್. 2019ರಲ್ಲಿ ಐಎಸ್‌ಎಲ್. ಆರು ವರ್ಷ, ವರ್ಷಕ್ಕೊಂದು ಕಪ್! ಯಾರಿಗಾದರೂ ಅಭ್ಯಾಸ ಆಗದೆ ಇರುತ್ತದಾ?

ಆದರೆ ಪುಟ್ಟನಿಗೆ ಈಗ ಹತ್ತು ವರ್ಷ. ರಾಹುಲ್ ಭೆಕೆ 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಐಎಸ್‌ಎಲ್ ಗೆಲ್ಲಿಸಿದ ರಾತ್ರಿ ಅವನಿಗೆ ನಾಲ್ಕು. ಅಕ್ಕನ ತೊಡೆ ಮೇಲೆ ನಿದ್ದೆ ಹೋಗಿದ್ದ. ನಾನು ಕೂಗಿದ್ದಕ್ಕೆ ಬೆಚ್ಚಿ ಎದ್ದು ಅತ್ತಿದ್ದ, ನಿಮಗೂ ನೆನಪಿರಬೇಕು. ಅವನು ನಿಜವಾಗಿ ಕೂತು ಮ್ಯಾಚ್ ನೋಡಲು ಶುರು ಮಾಡಿದ ಮೇಲೆ ನಮಗೆ ಸಿಕ್ಕಿದ್ದು 2022ರ ಡ್ಯುರಾಂಡ್ ಕಪ್ ಒಂದೇ. 2023ರ ಮಾರ್ಚಿನಲ್ಲಿ ಇದೇ ಮೋಹನ್ ಬಾಗಾನ್ ಮೇಲೆ ಪೆನಾಲ್ಟಿಯಲ್ಲಿ ಫೈನಲ್ ಸೋತೆವು. ಅದರ ಮುಂದಿನ ಸೀಸನ್ನಿನಲ್ಲಿ 12 ಟೀಮುಗಳಲ್ಲಿ 10ನೇ ಜಾಗ. ಈಗ ಮತ್ತೆ ಫೈನಲ್, ಮತ್ತೆ ಬಾಗಾನ್. 49ನೇ ನಿಮಿಷದಲ್ಲಿ ಅವರೇ ತಮ್ಮ ಗೋಲಿಗೆ ಹೊಡೆದುಕೊಂಡು ನಾವು ಮುಂದಿದ್ದೆವು. 72ನೇ ನಿಮಿಷದಲ್ಲಿ ಅವರು ಪೆನಾಲ್ಟಿ ಹೊಡೆದು ಸಮ ಮಾಡಿದರು, ಎಕ್ಸ್‌ಟ್ರಾ ಟೈಮ್‌ನಲ್ಲಿ ಅವರ ಮ್ಯಾಕ್ಲಾರೆನ್ ಇನ್ನೊಂದು ಹೊಡೆದ. ಗೆದ್ದು ಕೆಡಲು ಆ ಹುಡುಗ ಗೆದ್ದಿದ್ದಾದರೂ ಎಷ್ಟು ಮಾವ? ದೊಡ್ಡ ಟೀಮು ಅನ್ನೋ ಹೆಸರು ಮಾತ್ರ ಅವನ ಪಾಲಿಗೆ ಬಂದಿದೆ. ಕಪ್ಪುಗಳನ್ನೆಲ್ಲ ನಾವು ತಿಂದು ಮುಗಿಸಿದ್ದೇವೆ.

ಈಗ ನನ್ನ ವಿಷಯ ಹೇಳುತ್ತೇನೆ. 2015ರ ಮೇ 31, ಕಂಠೀರವದಲ್ಲಿ ಐ-ಲೀಗ್‌ನ ಕೊನೆಯ ಮ್ಯಾಚ್. ಬಾಗಾನ್‌ಗೆ ಡ್ರಾ ಸಾಕು, ನಾವು ಗೆಲ್ಲಲೇಬೇಕು. ಮಳೆ. ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದು 1-0 ಆಗಿತ್ತು. ಇನ್ನು ಮೂರೇ ನಿಮಿಷ ಅನ್ನುವಾಗ, 87ನೇ ನಿಮಿಷದಲ್ಲಿ, ಕಾರ್ನರ್ ಬಂತು. ಅವರ ಬೆಲ್ಲೊ ರಜಾಕ್ ತಲೆ ಕೊಟ್ಟ, ಗೋಲು. ಮುಗಿಯಿತು, ಲೀಗ್ ಅವರದ್ದು. ನನ್ನ ಪಕ್ಕ ನಿಂತಿದ್ದವರು ಯಾರೋ ಗೊತ್ತಿಲ್ಲ, ಐವತ್ತು ದಾಟಿದವರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸುತ್ತಲೇ ಇದ್ದರು. ಅಂಗಿಯೇ ಒದ್ದೆ, ಎಲ್ಲಿ ಒರೆಸುವುದು? ವಿಸಿಲ್ ಊದಿದ ಮೇಲೂ ನಾವಿಬ್ಬರು ಹೋಗಲಿಲ್ಲ. ನಮ್ಮ ಹುಡುಗರು ಮೈದಾನ ಸುತ್ತಿ ಹತ್ತಿರ ಬರುವ ತನಕ ನಿಂತು ಚಪ್ಪಾಳೆ ಹೊಡೆದೆವು. ಕೈ ನೋಯುತ್ತಿತ್ತು.

ಅದಾಗಿ ಮೂರು ವರ್ಷ. 2018ರ ಮಾರ್ಚ್ 17, ಅದೇ ಕಂಠೀರವ, ಐಎಸ್‌ಎಲ್ ಫೈನಲ್. ಲೀಗಿನಲ್ಲಿ ಎರಡನೆಯವರಿಗಿಂತ ಎಂಟು ಪಾಯಿಂಟ್ ಮುಂದೆ ಇದ್ದವರು ನಾವು. ಕಪ್ ಮನೆಗೆ ಬಂದೇ ಬಿಟ್ಟಿತು ಅಂತ ಹೋಗಿದ್ದೆ. ನಮ್ಮ ನಾಯಕ ಸುನಿಲ್ ಛೆಟ್ರಿ ಒಂಬತ್ತನೇ ನಿಮಿಷದಲ್ಲೇ ಹಾರಿ ತಲೆಯಿಂದ ಹೊಡೆದ. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಅಲ್ವೆಸ್ ಎರಡು ಕಾರ್ನರ್, ಎರಡು ಗೋಲು. ಎರಡನೇ ಅರ್ಧದಲ್ಲಿ ಮೂರನೆಯದೂ ಬಿತ್ತು. ನಾನು ಎದ್ದುಬಿಟ್ಟೆ ಮಾವ. ಇನ್ನೂ ಟೈಮ್ ಇತ್ತು, ಆದರೂ ಎದ್ದು ಹೊರಗೆ ಬಂದೆ. ಬೈಕ್ ಸ್ಟಾರ್ಟ್ ಮಾಡುವಾಗ ಒಳಗಿನಿಂದ ಹೋ ಅಂತ ಸದ್ದು ಕೇಳಿಸಿತು. ನಮ್ಮ ಮಿಕು ಗೋಲು ಹೊಡೆದಿದ್ದ, 3-2. ಸೋತೆವು ಹೇಗೂ. ಆದರೆ ಆ ಸದ್ದಿನಲ್ಲಿ ನಾನು ಇರಲಿಲ್ಲ. ಮಳೆಯಲ್ಲಿ ನಿಂತು ಚಪ್ಪಾಳೆ ಹೊಡೆದವನೂ ನಾನೇ, ಬೆಚ್ಚಗಿನ ರಾತ್ರಿಯಲ್ಲಿ ಎದ್ದು ಬಂದವನೂ ನಾನೇ. ನಡುವೆ ಆಗಿದ್ದೇನು? ಬರೀ ಕಪ್ಪುಗಳು. ನೀವು ಕೆಟ್ಟಿದ್ದಾರೆ ಅನ್ನೋದು ಇದಕ್ಕೆ ಅನ್ನುವುದಾದರೆ ನಾನು ಒಪ್ಪುತ್ತೇನೆ.

ಇನ್ನೊಂದು ಇದೆ, ಇದು ಜಾಸ್ತಿ ನೋಯಿಸುತ್ತದೆ. 2023ರ ಮಾರ್ಚ್ 3ರಂದು ಛೆಟ್ರಿ, ಎದುರಾಳಿಗಳು ತಯಾರಾಗುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದ, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ಸರಿಯೋ ತಪ್ಪೋ ಅಂತ ಇದೇ ಗ್ರೂಪಿನಲ್ಲಿ ಎರಡು ದಿನ ಜಗಳ ಆಡಿದೆವು ಅಲ್ವಾ? ಅದರ ಮಾರನೇ ದಿನವೇ ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದರು. ಅದಕ್ಕೂ ಮುಂಚೆ ನಾವು ಅದನ್ನು ಗೆದ್ದಿದ್ದು 1968-69ರಲ್ಲಿ, ಇನ್ನೂ ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲ. ಗ್ರೂಪಿನಲ್ಲಿ ಅದರ ಬಗ್ಗೆ ಬಂದಿದ್ದು ಒಂದೇ ಮೆಸೇಜ್, ನಿಮ್ಮದು. ನಾನು ಅದಕ್ಕೆ ಉತ್ತರ ಕೂಡ ಹಾಕಲಿಲ್ಲ. ತಪ್ಪಾಯಿತು ಮಾವ.

ನೀವು ಯಾವಾಗಲೂ ಎಚ್‌ಎಎಲ್, ಐಟಿಐ ಫ್ಯಾಕ್ಟರಿ ಟೀಮುಗಳ ಕಾಲ ನೆನಪಿಸುತ್ತೀರಿ. ಸೋತರೂ ಗೆದ್ದರೂ ಹೋಗುತ್ತಿದ್ದೆವು ಅನ್ನುತ್ತೀರಿ. ಯೋಚನೆ ಮಾಡಿ ನೋಡಿದೆ. ಆ ಆಟಗಾರರಿಗೆ ಫ್ಯಾಕ್ಟರಿಯಲ್ಲೇ ಕೆಲಸ. ಮ್ಯಾಚ್ ಮುಗಿದ ಮೇಲೆ ನಿಮ್ಮ ಬೀದಿಯಲ್ಲೇ, ಅದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ಪಕ್ಕದ ಮನೆಯವನು ಸೋತ ಅಂತ ಯಾರಾದರೂ ಅವನನ್ನು ಬಿಡುತ್ತಾರಾ? ನಮ್ಮ ಕ್ಲಬ್ ಹಾಗೆ ಬಂದಿದ್ದಲ್ಲ. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಮಾರನೇ ವರ್ಷ ನಮ್ಮದು ಕೆಳಗಿನಿಂದ ಹತ್ತದೆ ಸೀದಾ ಮೇಲಿನ ಲೀಗಿಗೇ ಬಂತು, ಬೆನ್ನ ಹಿಂದೆ ದೊಡ್ಡ ಕಂಪನಿ ಇತ್ತು. ದುಡ್ಡು ಕೊಟ್ಟು ಟಿಕೆಟ್ ತಗೊಂಡೆವು, ಜೆರ್ಸಿ ತಗೊಂಡೆವು, ಗೆಲುವೂ ಆ ದುಡ್ಡಿಗೆ ಸೇರಿದ್ದು ಅಂದುಕೊಂಡೆವು. ಹಾಗಂತ ನಮ್ಮ ಪ್ರೀತಿ ಸುಳ್ಳು ಅನ್ನಬೇಡಿ. 10ನೇ ಜಾಗಕ್ಕೆ ಬಿದ್ದ ಆ ಸೀಸನ್ನಿನಲ್ಲಿ, ಮುಂಬೈ ಬಂದು ಕಂಠೀರವದಲ್ಲೇ ನಮಗೆ ನಾಲ್ಕು ಗೋಲು ಹೊಡೆದ ರಾತ್ರಿಯೂ ನಮ್ಮ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಡ್ರಮ್ ಬಾರಿಸುತ್ತಿದ್ದವರು ಇದ್ದರು. ಆವತ್ತು ನಾನೂ ಕೊನೆ ತನಕ ಕೂತೆ. ಈ ಮಾರ್ಚಿನಲ್ಲಿ ಅದೇ ಮುಂಬೈಗೆ ನಾವು ಐದು ಹೊಡೆದಾಗ ಸಿಕ್ಕ ಖುಷಿ, 2016ರ ಕಪ್ಪಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಪುಟ್ಟನ ವಿಷಯಕ್ಕೆ ಬರುತ್ತೇನೆ. ಅವನು ಜೆರ್ಸಿ ಎಸೆದ, ನಿಜ. ಆದರೆ ಅಕ್ಕ ಫೋನಿನಲ್ಲಿ ಹೇಳಿದ್ದು ಪೂರ್ತಿ ಕೇಳಿ. ಬಾಗಾನ್‌ನವರು ಕಪ್ ಎತ್ತುವ ತನಕ ಅವನು ಟಿವಿ ಆಫ್ ಮಾಡಲು ಬಿಡಲಿಲ್ಲವಂತೆ. ನಲವತ್ತು ವರ್ಷದ ಛೆಟ್ರಿ ಮೆಡಲ್ ತಗೊಂಡು ಬರುವುದನ್ನು ನೋಡಿದ ಮೇಲೇ ಅತ್ತಿದ್ದು. ನಾನು 2018ರಲ್ಲಿ ಮಾಡದ ಕೆಲಸ ಅದು.

ಇವತ್ತು ಭಾನುವಾರ, ಅವನು ಮನೆಯಲ್ಲೇ ಇರುತ್ತಾನೆ. ಬುದ್ಧಿ ಹೇಳಬೇಡಿ ಮಾವ. ಸುಮ್ನೆ ಫೋನ್ ಮಾಡಿ, ಎಚ್‌ಎಎಲ್ ಮ್ಯಾಚಿಗೆ ನೀವು ಸೈಕಲ್ಲಿನಲ್ಲಿ ಹೋಗಿ ಸೋಲು ನೋಡಿ ಬರುತ್ತಿದ್ದಿರಲ್ಲ, ಆ ಕಥೆ ಹೇಳಿ. ನನಗೆ ಹತ್ತು ಸಲ ಹೇಳಿದ್ದೀರಿ, ಅವನಿಗೆ ಒಂದು ಸಲವೂ ಹೇಳಿಲ್ಲ. ಅಕ್ಕ ಜೆರ್ಸಿ ಒಗೆದು ತಂತಿ ಮೇಲೆ ಹಾಕಿದ್ದಾಳಂತೆ, ಒಣಗಿತಾ ಅಂತ ಬೆಳಿಗ್ಗೆಯಿಂದ ಎರಡು ಸಲ ಕೇಳಿದನಂತೆ.