ಜೀಪ್ ಎತ್ತರಿಸಿದ ಮೇಲೆ 60 ಕಿ.ಮೀ. ವೇಗಕ್ಕೆ ನಡುಕ: ಶಾಫ್ಟ್ ಕೋನ ಸರಿ ಮಾಡೋದು ಹೇಗೆ?

ಪ್ರಶ್ನೆ (ಸಂಡೂರು):
ಅಣ್ಣಾವ್ರೆ, ನಮಸ್ಕಾರ. ನನ್ನದು ಹಳೇ ಮಹೀಂದ್ರ ಎಂಎಂ 540. ಗುಡ್ಡದ ದಾರಿಯಲ್ಲಿ ಹೊಟ್ಟೆ ತಾಗುತ್ತೆ ಅಂತ ಪಟ್ಟಿ ಸೆಟ್ (ಲೀಫ್ ಸ್ಪ್ರಿಂಗ್) ಬದಲಿಸಿ, ಉದ್ದದ ಶಾಕಲ್ (ಪಟ್ಟಿಯ ತುದಿಯನ್ನ ಚಾಸಿಗೆ ಸೇರಿಸೋ ಕೊಂಡಿ) ಹಾಕಿಸಿ ಸುಮಾರು 3 ಇಂಚು ಎತ್ತರಿಸಿದ್ದೇನೆ. ಊರೊಳಗೆ ಏನೂ ಗೊತ್ತಾಗಲ್ಲ. ತೋರಣಗಲ್ಲು ದಾಟಿ ಬಳ್ಳಾರಿ ಹೈವೇ ಹಿಡಿದು 55-60 ಮುಟ್ಟಿದ ಕೂಡಲೇ ಸೀಟಿನ ಕೆಳಗೆ ಗುಂಯ್ ಅಂತ ನಡುಕ. ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ ಶಕ್ತಿಯನ್ನ ಆಕ್ಸಲ್ಲಿಗೆ ಒಯ್ಯೋ ಉದ್ದ ಪೈಪು) ಬ್ಯಾಲೆನ್ಸ್ ಮಾಡಿಸಿದೆ, ಅದರ ತುದಿಯ ಕ್ರಾಸ್ ಹೊಸದು ಹಾಕಿಸಿದೆ, ಹಾಗೇ ಇದೆ. ಗ್ಯಾರೇಜಿನವರು "ಪಿನಿಯನ್ ಮೂತಿ (ಹಿಂದಿನ ಆಕ್ಸಲ್ಲಿಗೆ ಶಾಫ್ಟ್ ಸೇರೋ ತುದಿ) ಇನ್ನೂ ಸ್ವಲ್ಪ ಮೇಲೆತ್ತಿದರೆ ಶಾಫ್ಟ್ ನೇರ ಆಗುತ್ತೆ" ಅಂತಾರೆ. ಮಾಡಿಸಲಾ?

ಉತ್ತರ (ಬಳ್ಳಾರಿ, ಶಾಫ್ಟ್ ಕೆಲಸದವರು):
ಸದ್ಯಕ್ಕೆ ಬೇಡ. ಇನ್ನು ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಅಳತೆ ತೆಗೀರಿ. ನಡುಕ ನಿಜವಾಗಿ ಹಿಂದಿನ ಶಾಫ್ಟಿನದ್ದೇನಾ ಅಂತ ಮೊದಲು ಖಾತ್ರಿಯಾಗಲಿ. ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ಇಂಜಿನ್ ಸದ್ದು ಇಳಿದರೂ ನಡುಕ ಹಾಗೇ ಇದ್ದರೆ ಇಂಜಿನ್ನು, ಕ್ಲಚ್ಚಿನ ತಂಟೆ ಅಲ್ಲ. ಆಮೇಲೆ ಮುಂದಿನ ಶಾಫ್ಟ್ ಬಿಚ್ಚಿಟ್ಟು ಟೂ-ವೀಲ್‌ನಲ್ಲೇ ಒಂದು ರೌಂಡ್ ಹೋಗಿ. ಆಗಲೂ ಇದ್ದರೆ ಹಿಂದಿನ ಶಾಫ್ಟು, ಇಲ್ಲವೇ ಟೈರು. ಟೈರಿನ ನಡುಕ ನಿಧಾನಕ್ಕೆ ಕುಲುಕುತ್ತೆ, ಶಾಫ್ಟಿನದ್ದು ನೀವು ಹೇಳಿದ ಹಾಗೆ ಗುಂಯ್ ಅನ್ನುತ್ತೆ.

ಕಾರಣ ಇಷ್ಟೇ. ಯೂನಿವರ್ಸಲ್ ಜಾಯಿಂಟ್, ಅಂದರೆ ನಮ್ಮ ಕ್ರಾಸ್, ಕೋನದಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗಲ್ಲ. ಪ್ರತಿ ಸುತ್ತಿಗೆ ಎರಡು ಸಲ ಜೋರಾಗುತ್ತೆ, ಎರಡು ಸಲ ನಿಧಾನ ಆಗುತ್ತೆ. ಕೋನ ಜಾಸ್ತಿ ಆದಷ್ಟೂ ಈ ಏರಿಳಿತ ಜಾಸ್ತಿ. ಶಾಫ್ಟಿನ ಎರಡೂ ತುದಿಯ ಕೋನ ಸಮ ಇದ್ದರೆ ಮುಂದಿನ ಕ್ರಾಸ್ ಮಾಡಿದ್ದನ್ನ ಹಿಂದಿನದು ಅಳಿಸಿಹಾಕುತ್ತೆ. ಸಮ ಇಲ್ಲದಿದ್ದರೆ ಉಳಿದದ್ದು ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ಗೆ, ಚಾಸಿಗೆ, ನಿಮ್ಮ ಸೀಟಿಗೆ. ನಿಮ್ಮ ಥರದ ಜೀಪಲ್ಲಿ 60ಕ್ಕೆ ಶಾಫ್ಟ್ ನಿಮಿಷಕ್ಕೆ 2 ಸಾವಿರ ಸುತ್ತು ಮೀರಿರುತ್ತೆ. ಬ್ಯಾಲೆನ್ಸ್ ಮಾಡಿಸಿ ಇದು ಹೋಗಲ್ಲ. ಬ್ಯಾಲೆನ್ಸಿಂಗ್‌ನವರ ತಪ್ಪೂ ಅಲ್ಲ.

ಅಳೆಯೋದು ಹೀಗೆ. ಗಾಡಿ ಸಮ ನೆಲದಲ್ಲಿ, ತನ್ನ ಭಾರ ಟೈರಿನ ಮೇಲೇ ಹೊತ್ತು ನಿಂತಿರಲಿ. ಜಾಕ್ ಹಾಕಿ ಆಕ್ಸಲ್ ಜೋತುಬಿದ್ದಾಗ ಅಳೆದರೆ ಎಲ್ಲಾ ಲೆಕ್ಕ ಸುಳ್ಳು. ಡಿಗ್ರಿ ಗೇಜ್ ಇಲ್ಲಾಂದ್ರೆ ಫೋನಿನ ಲೆವೆಲ್ ಆಪ್ ಸಾಕು. ಮೂರು ಕಡೆ ಇಡಿ: ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸ್ ಹಿಂದೆ ಕೂತು ಶಕ್ತಿಯನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ) ಹಿಂದಿನ ಫ್ಲೇಂಜ್ (ಶಾಫ್ಟ್ ಬೋಲ್ಟ್ ಆಗೋ ಬಿಲ್ಲೆ), ಶಾಫ್ಟಿನ ಪೈಪು, ಪಿನಿಯನ್ ಫ್ಲೇಂಜ್. ಫ್ಲೇಂಜ್ ಮುಖಕ್ಕೆ ಇಟ್ಟರೆ ಲಂಬದಿಂದ ಎಷ್ಟು ವಾಲಿದೆ ಅಂತ ನೋಡಿ. ಜೊತೆಗೆ ಸ್ಲಿಪ್ ಜಾಯಿಂಟಲ್ಲಿ (ಶಾಫ್ಟಿನ ಎರಡು ಭಾಗ ಒಂದರೊಳಗೊಂದು ಜಾರೋ ಜಾಗ) ಸ್ಪ್ಲೈನ್, ಅಂದರೆ ಹಲ್ಲಿರೋ ಭಾಗ, ಎಷ್ಟು ಹೊರಗೆ ಬಂದಿದೆ ಅಂತಲೂ ನೋಡಿ ಹೇಳಿ.

ಪ್ರಶ್ನೆ (ಸಂಡೂರು):
ಅಳೆದೆ ಅಣ್ಣಾವ್ರೆ. ಮುಂದಿನ ಶಾಫ್ಟ್ ಬಿಚ್ಚಿದರೂ ನಡುಕ ಹೋಗಲಿಲ್ಲ. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 2 ಡಿಗ್ರಿ ಇಳಿಜಾರು. ಶಾಫ್ಟ್ 12. ಪಿನಿಯನ್ 7, ಮೂತಿ ಮೇಲಕ್ಕೆ ನೋಡ್ತಿದೆ. ಸ್ಪ್ಲೈನ್ ಮೊದಲಿಗಿಂತ ಒಂದು ಬೆರಳಿನಷ್ಟು ಹೊರಗಿದೆ.

ಉತ್ತರ (ಬಳ್ಳಾರಿ):
ಸಿಕ್ಕಿಬಿತ್ತು ನೋಡಿ. ಮುಂದಿನ ಕ್ರಾಸಿನ ಕೋನ 12ರಲ್ಲಿ 2 ಕಳೆದರೆ 10. ಹಿಂದಿನದು 12ರಲ್ಲಿ 7 ಕಳೆದರೆ 5. ಎರಡರ ನಡುವೆ 1 ಡಿಗ್ರಿ ವ್ಯತ್ಯಾಸ ಇದ್ದರೆ ಸಹಿಸಬಹುದು. ನಿಮ್ಮದು 5. ಮೂತಿ ಇನ್ನೂ ಮೇಲೆತ್ತಿದ್ದರೆ ಇದೇ 7-8 ಆಗ್ತಿತ್ತು.

ಶಾಕಲ್ ಪಟ್ಟಿಯ ಹಿಂದಿನ ತುದಿಯಲ್ಲಿದ್ದಾಗ ಅದನ್ನ ಉದ್ದ ಮಾಡಿದರೆ ಪಟ್ಟಿಯ ಹಿಂಭಾಗ ಕೆಳಗೆ ಹೋಗುತ್ತೆ, ಆಕ್ಸಲ್ ಹಿಂದಕ್ಕೆ ವಾಲಿ ಪಿನಿಯನ್ ಮೂತಿ ತಾನೇ ಮೇಲೇಳುತ್ತೆ. ನಿಮ್ಮಲ್ಲಿ ಆಗಿರೋದು ಅದೇ. "ಪಿನಿಯನ್ ಶಾಫ್ಟಿನ ಕಡೆಗೇ ನೋಡಬೇಕು" ಅನ್ನೋ ಮಾತು ಸುಳ್ಳಲ್ಲ, ಆದರೆ ಅದು ಡಬಲ್ ಕಾರ್ಡನ್ ಶಾಫ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್ ಕಡೆ ಜೋಡಿ ಕ್ರಾಸ್ ಇರೋದಕ್ಕೆ. ನಿಮ್ಮದು ಎರಡು ತುದಿಗೆ ಒಂದೊಂದೇ ಕ್ರಾಸ್. ಇಲ್ಲಿ ಪಿನಿಯನ್ನು, ಟ್ರಾನ್ಸ್‌ಫರ್ ಕೇಸಿನ ಶಾಫ್ಟು ಒಂದಕ್ಕೊಂದು ಸಮಾನಾಂತರ ಇರಬೇಕು.

ಹಾಗಂತ 10ಕ್ಕೆ 10 ಸಮ ಮಾಡಿದರೂ ನನಗೆ ಸಮಾಧಾನ ಇಲ್ಲ. ಹೈವೇ ಓಡೋ ಗಾಡಿಗೆ 3 ಡಿಗ್ರಿ ಆಸುಪಾಸು ಇದ್ದರೆ ಚೆಂದ. ಎತ್ತರಿಸಿದ ಗಿಡ್ಡ ಜೀಪಲ್ಲಿ ಅದು ಆಗದ ಮಾತು, ಆದರೂ ಕಡಿಮೆ ಮಾಡೋಣ. ಟ್ರಾನ್ಸ್‌ಫರ್ ಕೇಸ್ ಹೊತ್ತ ಕ್ರಾಸ್ ಮೆಂಬರಿಗೂ (ಅಡ್ಡ ತೊಲೆ) ಚಾಸಿಗೂ ನಡುವೆ 1 ಇಂಚು ಉಕ್ಕಿನ ಸ್ಪೇಸರ್ ತುಂಡು ಕೊಟ್ಟು ಅದನ್ನ ಕೆಳಗಿಳಿಸಿ. ಟ್ರಾನ್ಸ್‌ಫರ್ ಕೇಸ್ 2ರಿಂದ ಸುಮಾರು 3.5ಕ್ಕೆ ವಾಲುತ್ತೆ, ಶಾಫ್ಟ್ 12ರಿಂದ 10ರ ಹತ್ತಿರ ಬರುತ್ತೆ, ಮುಂದಿನ ಕ್ರಾಸ್ 6.5ಕ್ಕೆ ಇಳಿಯುತ್ತೆ. ಇಳಿಸುವಾಗ ಫ್ಯಾನ್ ರೇಡಿಯೇಟರ್ ಕವರಿಗೆ ತಾಗುತ್ತಾ, ಗೇರ್ ಲಿವರ್ ಫ್ಲೋರಿಗೆ ಒರೆಯುತ್ತಾ ನೋಡ್ಕೊಳ್ಳಿ. ಇಂಚಿಗಿಂತ ಹೆಚ್ಚು ಇಳಿಸಬೇಡಿ, ಎತ್ತರಿಸಿದ್ದೇ ಹೊಟ್ಟೆ ತಾಗದಿರಲಿ ಅಂತ ಅಲ್ವಾ?

ಆಮೇಲೆ ಪಿನಿಯನ್ ಮೂತಿ 7ರಿಂದ 3ಕ್ಕೆ ಇಳಿಯಬೇಕು. 3.5 ಅಲ್ಲ, ಸ್ವಲ್ಪ ಕಡಿಮೆಯೇ ಇರಲಿ. ಎಕ್ಸಲರೇಟರ್ ಒತ್ತಿದಾಗ ಪಟ್ಟಿ ತಿರುಚಿಕೊಂಡು ಮೂತಿ ಮೇಲೇಳುತ್ತೆ. ಇದಕ್ಕೆ 4 ಡಿಗ್ರಿ ವೆಡ್ಜ್ (ಒಂದು ಬದಿ ದಪ್ಪ ಇರೋ ಓರೆ ತುಂಡು) ಬೇಕು, ಪಟ್ಟಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಕೂರುತ್ತೆ. ಪಟ್ಟಿ ಆಕ್ಸಲ್ ಕೆಳಗಿದ್ದರೆ ವೆಡ್ಜಿನ ದಪ್ಪ ಬದಿ ಹಿಂದಕ್ಕೆ, ಪಟ್ಟಿ ಆಕ್ಸಲ್ ಮೇಲಿದ್ದರೆ ದಪ್ಪ ಬದಿ ಮುಂದಕ್ಕೆ. ಇದನ್ನ ತಿರುಗಾಮುರುಗಾ ಹಾಕಿಸಿಕೊಂಡು ಬರೋರು ಬಹಳ ಜನ. ಅಲ್ಯೂಮಿನಿಯಂ ಬೇಡ, ಕಲ್ಲಿನ ದಾರಿಯಲ್ಲಿ ಪುಡಿಯಾಗುತ್ತೆ. ಲೇತಲ್ಲಿ ಉಕ್ಕಿನದೇ ಮಾಡಿಸಿ. ಸೆಂಟರ್ ಬೋಲ್ಟ್ (ಪಟ್ಟಿಗಳನ್ನ ನಡುವೆ ಕಟ್ಟಿರೋದು) ಉದ್ದದ್ದು ಬೇಕು, ತಲೆ ಪ್ಯಾಡಿನ ತೂತಿನೊಳಗೆ ಪೂರ್ತಿ ಕೂರಬೇಕು. ಪಟ್ಟಿಯನ್ನ ಆಕ್ಸಲ್ಲಿಗೆ ಬಿಗಿಯೋ ಯು-ಬೋಲ್ಟ್ ಹೊಸವೇ ಹಾಕಿ.

ಸ್ಪ್ಲೈನ್ ಒಂದು ಬೆರಳು ಹೊರಗಿರೋದು ಗಾಡಿ ನಿಂತಾಗಿನ ಮಾತು. ಆಕ್ಸಲ್ ಪೂರ್ತಿ ಜೋತುಬಿಟ್ಟು ಇನ್ನೊಮ್ಮೆ ನೋಡಿ. ಹಿಡಿತ ತೀರಾ ಕಮ್ಮಿ ಉಳಿದರೆ ಶಾಫ್ಟ್ ಉದ್ದ ಮಾಡಿಸಲೇಬೇಕು.

ಪ್ರಶ್ನೆ (ಗಂಗಾವತಿ):
ನಡುವೆ ಬಾಯಿ ಹಾಕ್ತಿದ್ದೀನಿ ಸರ್. ನನ್ನದು 2020ರ ನಂತರದ ಥಾರ್. ಆನೆಗೊಂದಿ ಕಡೆ ಕಲ್ಲಿನ ದಾರಿಗೆ ಅಂತ 2 ಇಂಚು ಎತ್ತರಿಸೋ ಸ್ಪೇಸರ್ ಹಾಕಿಸಿದ್ದೀನಿ. ನನಗೂ ವೆಡ್ಜ್ ಬೇಕಾ?

ಉತ್ತರ (ಬಳ್ಳಾರಿ):
ನಿಮ್ಮ ಗಾಡಿಯಲ್ಲಿ ಹಿಂದೆ ಪಟ್ಟಿಯೇ ಇಲ್ಲ. ಕಾಯಿಲ್ ಸ್ಪ್ರಿಂಗು, ಆಕ್ಸಲ್ ಹಿಡಿದಿರೋದು ಲಿಂಕ್‌ಗಳು. ಕೋನ ಬದಲಿಸಬೇಕಾದರೆ ಉದ್ದ ಹೊಂದಿಸೋ ಲಿಂಕ್ ಬೇಕು. ನಡುಕ ಇಲ್ಲದಿದ್ದರೆ ಸುಮ್ನೆ ಕೈ ಹಾಕಬೇಡಿ. ಮುಂದೆ ಡಿಫರೆನ್ಷಿಯಲ್ ಚಾಸಿಗೇ ಕಟ್ಟಿರೋದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಲ್ಲ. ಪೆಟ್ಟು ಬೀಳೋದು ಚಕ್ರಕ್ಕೆ ಹೋಗೋ ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟಿಗೆ. ಅದರ ರಬ್ಬರ್ ಬೂಟ್ ಮಡಿಕೆ ಒಂದಕ್ಕೊಂದು ಉಜ್ಜುತ್ತಾ ಅಂತ ಟೈರ್ ಪೂರ್ತಿ ತಿರುಗಿಸಿ ನೋಡ್ತಿರಿ. ಬೂಟ್ ಹರಿದು ಮರಳು ಒಳಗೆ ಹೋದರೆ ಜಾಯಿಂಟ್ ಕೆಟ್ಟ ಹಾಗೇ.

ಪ್ರಶ್ನೆ (ಲಿಂಗಸುಗೂರು):
ಜಿಪ್ಸಿ ಸರ್. ಎತ್ತರ ಮಾಡಿ ತಿಂಗಳುಗಟ್ಟಲೆ ಚೆನ್ನಾಗಿತ್ತು. ಶಾಫ್ಟ್ ಬಿಚ್ಚಿ ಗ್ರೀಸ್ ಹೊಡೆದು ಕಟ್ಟಿದ ದಿನದಿಂದ ನಡುಕ.

ಉತ್ತರ (ಬಳ್ಳಾರಿ):
ಸ್ಲಿಪ್ ಜಾಯಿಂಟ್ ಎಳೆದು ವಾಪಸ್ ಹಾಕುವಾಗ ಹಲ್ಲು ತಪ್ಪಿಸಿದ್ದಾರೆ. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯೋ ಕವೆಗಳು (ಯೋಕ್) ಒಂದೇ ಸಾಲಲ್ಲಿ ಇರಬೇಕು. ಬದಿಯಿಂದ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತೆ. ಎಳೆದು ಸರಿ ಸಾಲಿಗೆ ತಂದು ಹಾಕಿ, ಖರ್ಚೇ ಇಲ್ಲ. ಮುಂದಿನ ಸಲ ಬಿಚ್ಚೋ ಮುಂಚೆ ಎರಡೂ ಭಾಗಕ್ಕೆ ಪೇಂಟಲ್ಲಿ ಗೆರೆ ಎಳೆಸಿ. ಚಾಕ್ ಅಳಿಸಿಹೋಗುತ್ತೆ.

ಪ್ರಶ್ನೆ (ಸಂಡೂರು):
ಅಣ್ಣಾವ್ರೆ, ಕೊನೇದು. ಮುಂದೆಯೂ ಇದೇ ಲೆಕ್ಕದಲ್ಲಿ ವೆಡ್ಜ್ ಹಾಕಿಬಿಡಲಾ? ಮತ್ತೆ ಆರ್‌ಟಿಒ ತಕರಾರು ಬರುತ್ತಾ?

ಉತ್ತರ (ಬಳ್ಳಾರಿ):
ಮುಂದಿನದ್ದು ಬೇರೆ ಕಥೆ. ಅಲ್ಲಿ ಆಕ್ಸಲ್ ತಿರುಗಿಸಿದರೆ ಕ್ಯಾಸ್ಟರ್ (ಚಕ್ರ ಎಡ-ಬಲ ತಿರುಗೋ ಅಚ್ಚು ಹಿಂದಕ್ಕೆ ವಾಲಿರೋ ಕೋನ) ಕೂಡ ತಿರುಗುತ್ತೆ. ಮುಂದಿನ ಪಿನಿಯನ್ ಮೂತಿ ಮೇಲೆತ್ತಿದಷ್ಟೂ ಕ್ಯಾಸ್ಟರ್ ಕಮ್ಮಿ. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲ್ಲ, ಹೈವೇಯಲ್ಲಿ ಗಾಡಿ ಆ ಕಡೆ ಈ ಕಡೆ ಎಳೆಯುತ್ತೆ. ಶಾಫ್ಟ್ ನಡುಗಿದರೆ ಕಿರಿಕಿರಿ, ಸ್ಟೇರಿಂಗ್ ಅಲೆದರೆ ಅದಿರು ಲಾರಿ ಎದುರಿಗೆ ಬರುವಾಗ ಜೀವಕ್ಕೇ ಸಂಚಕಾರ. ಹಾಗಾಗಿ ಮುಂದೆ ಕ್ಯಾಸ್ಟರಿಗೇ ಮೊದಲ ಮಣೆ. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನ ಆಕ್ಸಲ್ ಶಾಫ್ಟಿನಿಂದ ಬಿಡಿಸೋ ಹಬ್) ಇದ್ದರೆ ರಸ್ತೆಯಲ್ಲಿ ಬಿಡಿಸಿಟ್ಟರೆ ಸಾಕು, ಮುಂದಿನ ಶಾಫ್ಟ್ ತಿರುಗೋದೇ ಇಲ್ಲ.

ಆರ್‌ಟಿಒ ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. ಹಿಡಿದರೆ ವಾದ ಮಾಡೋಕೆ ಜಾಗ ಇಲ್ಲ. ನಿಮ್ಮ ಆರ್‌ಟಿಒ ಆಫೀಸಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿಕೊಂಡೇ ಮುಂದುವರಿಯಿರಿ.

ಸ್ಪೇಸರ್, ವೆಡ್ಜ್ ಎರಡೂ ಹಾಕಿದ ಮೇಲೆ ಮೂರೂ ಕಡೆ ಮತ್ತೆ ಅಳೆದು ಇಲ್ಲೇ ಹಾಕಿ. ನಾನು ಕೊಟ್ಟ ಅಂಕಿ ಅಂದಾಜು, ಗೇಜ್ ಹೇಳಿದ್ದೇ ಕೊನೆ. ಯು-ಬೋಲ್ಟ್ ಒಂದೆರಡು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಿ.