ಚಳಿಗಾಲದಲ್ಲಿ ದಡದ ಗಾಳ: ಕಡಲು ಶಾಂತವಾಗಿದ್ದರೂ ಮೀನು ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಹೆಮ್ಮಾಡಿ ಹೊಳೆಬದಿ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು, ಉದ್ಯೋಗ ಬೆಂಗಳೂರಿನಲ್ಲಿ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ಪ್ರತಿವರ್ಷ ಊರಿನಲ್ಲಿರುತ್ತೇನೆ. ಆ ದಿನಗಳಲ್ಲಿ ಕೋಡಿ, ಗಂಗೊಳ್ಳಿ ಅಳಿವೆ (ಹೊಳೆ ಕಡಲು ಸೇರುವ ಬಾಯಿ) ಮತ್ತು ಮರವಂತೆಯ ದಡದಿಂದ ಗಾಳ ಹಾಕುವ ರೂಢಿಯನ್ನು ಬಿಡದೆ ಉಳಿಸಿಕೊಂಡಿದ್ದೇನೆ.

ನವರಾತ್ರಿಯ ಹೊತ್ತಿಗೆ ಬಂದಾಗ ನೀರು ಇನ್ನೂ ಕಲಕಿರುತ್ತದೆ, ಅಲೆಯೂ ಜೋರಾಗಿರುತ್ತದೆ. ಆದರೂ ಬಂಗುಡೆ, ಕೊಡ್ಡಾಯಿ ದಡದ ಹತ್ತಿರವೇ ಗಾಳಕ್ಕೆ ಬೀಳುತ್ತವೆ. ಡಿಸೆಂಬರಿನಲ್ಲಿ ಕಡಲು ಹೊಳೆಯಂತೆ ಶಾಂತವಾಗಿ, ನೀರು ತಿಳಿಯಾಗಿ, ಗಾಳ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆಯಿಲ್ಲ ಎನ್ನಿಸುತ್ತದೆ. ಆದರೆ ಬೆಳಿಗ್ಗೆ ಎಂಟು ಗಂಟೆ ಕಳೆದ ಮೇಲೆ ಮಧ್ಯಾಹ್ನದವರೆಗೆ ನಿಂತರೂ ಒಂದು ಕಾಣೆ ಮೀನು ಸಿಕ್ಕರೆ ಹೆಚ್ಚು. ಅದೇ ದಿನ ಬೋಟುಗಳು ಮೀನಿಳಿಸುವ ಗಂಗೊಳ್ಳಿ ದಕ್ಕೆಗೆ ಹೋದರೆ ಬುಟ್ಟಿಬುಟ್ಟಿಯಾಗಿ ಮೀನು ಹರಾಜಾಗುತ್ತಿರುತ್ತದೆ.

ಕಡಲಿನಲ್ಲಿ ಮೀನಿದ್ದರೂ ದಡಕ್ಕೆ ಬರುವುದಿಲ್ಲವೇಕೆ? ಈ ಕಾಲದಲ್ಲಿ ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾವ ಮೀನನ್ನು ಉದ್ದೇಶಿಸಿ ಗಾಳ ಹಾಕಬೇಕು? ಕುಮಟಾ, ಕಾರವಾರದ ಕಡೆ ಪರಿಸ್ಥಿತಿ ಬೇರೆಯೇ? ದೋಣಿಯಲ್ಲಿ ದುಡಿದವರು ಮತ್ತು ದಡದಲ್ಲಿ ಗಾಳ ಹಾಕುವವರು ಇಬ್ಬರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಲ್ಪೆ ಪಡುಕರೆ

ನಮಸ್ಕಾರ. ದಕ್ಕೆಯ ಬುಟ್ಟಿಯನ್ನು ನೋಡಿ ದಡದ ಮೀನನ್ನು ಅಂದಾಜು ಮಾಡಬೇಡಿ. ಡಿಸೆಂಬರ್, ಜನವರಿಯಲ್ಲಿ ನೀವು ಹರಾಜಿನಲ್ಲಿ ಕಾಣುವ ರಾಣಿ ಮೀನು, ಬೊಂಡಾಸ, ಪಾಂಬೋಲು, ಡಿಸ್ಕೊ ಮುಂತಾದವು ಬಹುಪಾಲು ಆಳಸಮುದ್ರದ ಟ್ರಾಲ್ ಬೋಟುಗಳು ತಂದವು. ಆ ಬೋಟುಗಳು ಐಸು, ಡೀಸೆಲ್ಲು, ಅಕ್ಕಿ ತುಂಬಿಕೊಂಡು ಹೊರಟರೆ ವಾರ ಕಳೆದ ಮೇಲೆಯೇ ಹಿಂದಿರುಗುವುದು. ಗೋವಾ ದಾಟಿ ಮಹಾರಾಷ್ಟ್ರದ ನೇರಕ್ಕೆ ಹೋಗಿ ಬಲೆ ಎಳೆಯುವವರೂ ಇದ್ದಾರೆ. ಆ ಮೀನಿಗೂ ಕೋಡಿಯ ದಡಕ್ಕೂ ಸಂಬಂಧವಿಲ್ಲ. ಅಂಜಲ್, ಕೇದರ, ಮಾಂಜಿ ತರುವ ಕಂತಬಲೆಯ (ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆ) ದೋಣಿಗಳು ಹತ್ತಿರದಲ್ಲಿ ದುಡಿಯುತ್ತವೆ ನಿಜ, ಆದರೆ ಆ ಹತ್ತಿರವೂ ನಿಮ್ಮ ಗಾಳ ಬೀಳುವ ಜಾಗದಿಂದ ಬಹಳ ದೂರ.

ಬಂಗುಡೆಯ ವಿಷಯ ಸ್ವಲ್ಪ ಬೇರೆ. ಜೂನ್, ಜುಲೈ ತಿಂಗಳ ನಿಷೇಧ ಮುಗಿದು ಕಡಲಿಗಿಳಿದ ಮೇಲೆ ಸೆಪ್ಟೆಂಬರಿನಿಂದ ಬಂಗುಡೆ, ಬೂತಾಯಿಯ ಹಿಂಡುಗಳು ದಡದ ಬದಿಯಲ್ಲಿಯೇ ಮೇಲೆ ಏಳುತ್ತವೆ. ಚಳಿ ಬಿದ್ದು ನೀರು ತಿಳಿಯಾದಂತೆ ಅದೇ ಹಿಂಡು ಹಗಲಿನಲ್ಲಿ ಕೆಳಕ್ಕಿಳಿದು ಹೊರಕ್ಕೆ ಸರಿಯುತ್ತದೆ, ಕತ್ತಲೆಯಾದ ಮೇಲೆ ಮೇಲಕ್ಕೆ ಬರುತ್ತದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಹಿಂಡು ಓಡಿದ ಕಡೆಯೆಲ್ಲ ನೀರು ಬೆಳಗುವುದನ್ನು ನೋಡಿಯೇ ಹಿರಿಯ ತಂಡೇಲರು (ದೋಣಿಯ ಮುಖ್ಯಸ್ಥರು) ಬಲೆ ಬಿಡುತ್ತಿದ್ದರು. ಬೆಳದಿಂಗಳಲ್ಲಿ ಆ ಬೆಳಕು ಕಾಣುವುದಿಲ್ಲ, ಮೀನಿಗೆ ಬಲೆ ಮಾತ್ರ ಕಾಣುತ್ತದೆ. ಇಂದು ಆ ಕಣ್ಣಿನ ವಿದ್ಯೆಯ ಬದಲಿಗೆ ಜನರೇಟರ್ ಇಟ್ಟು ಪ್ರಖರ ದೀಪ ಹೊತ್ತಿಸಿ, ಮರಿಯನ್ನೂ ಬಿಡದೆ ಸೆಳೆದು ಹಿಡಿಯುವವರಿದ್ದಾರೆ. 2017ರಲ್ಲಿ ಕೇಂದ್ರ ಸರ್ಕಾರ ಲೈಟ್ ಫಿಶಿಂಗನ್ನು ನಿಷೇಧಿಸಿದ್ದು ಸರಿಯಾದ ಕ್ರಮವೆಂದೇ ನನ್ನ ದೃಢ ಅಭಿಪ್ರಾಯ, ಮತ್ತು ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸದಿದ್ದರೆ ನಾಡದೋಣಿಯವರ ಪಾಲಿಗೆ ಚಳಿಗಾಲದ ಮೀನು ಉಳಿಯುವುದಿಲ್ಲ.

ಇನ್ನು ಹೊತ್ತಿನ ಮಾತು. ಈ ತಿಂಗಳುಗಳಲ್ಲಿ ನಸುಕಿನಿಂದ ಸುಮಾರು ಒಂಬತ್ತು, ಹತ್ತು ಗಂಟೆಯವರೆಗೆ ಮೂಡುಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅದು ಅಲೆಯನ್ನು ತಗ್ಗಿಸುತ್ತದೆ. ನೀವು ಮೆಚ್ಚುವ ಶಾಂತ ಕಡಲು ಅದರಿಂದಲೇ ಆಗುವುದು. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಪಡು ಮತ್ತು ಬಡಗಿನ ನಡುವಿನಿಂದ ಬೀಸಲಾರಂಭಿಸಿ, ಸಂಜೆಯ ವೇಳೆಗೆ ದಡದ ಮರಳನ್ನು ಕಲಕುತ್ತದೆ. ಮರಳು ಕಲಕಿದಾಗ ಅದರೊಳಗಿನ ಹುಳು, ಸಣ್ಣ ಚಟ್ಲಿ (ಸಿಗಡಿ) ಹೊರಬೀಳುತ್ತವೆ, ಅವನ್ನು ಹುಡುಕಿಕೊಂಡು ಕಾಣೆ, ಕೊಡ್ಡಾಯಿ ಬರುತ್ತವೆ. ನೀವು ನಿಲ್ಲುತ್ತಿರುವುದು ಎಂಟು ಗಂಟೆಯ ನಂತರ, ಎಂದರೆ ಬಿಸಿಲೇರಿ, ನೀರು ತಿಳಿಯಾಗಿ, ಮೀನಿಗೆ ನಿಮ್ಮ ದಾರ ಸ್ಪಷ್ಟವಾಗಿ ಕಾಣುವ ಹೊತ್ತು. ನಸುಕಿನಲ್ಲಿ ಬೆಳಕು ಹರಿಯುವ ಮೊದಲು ನಿಲ್ಲಿ, ಇಲ್ಲವೇ ಸಂಜೆ ನಾಲ್ಕರ ನಂತರ ಹೋಗಿ.

ದಡದಲ್ಲಿ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಬಿಟ್ಟಿದ್ದರೆ ಬಲೆಯ ಎರಡು ಹಗ್ಗಗಳ ನಡುವೆ ಗಾಳ ಹಾಕಬೇಡಿ. ಅವರು ಬಲೆ ಎಳೆದು ಮುಗಿಸುವವರೆಗೆ ಕಾಯುವುದು ಮರ್ಯಾದೆ.

ಉತ್ತರ: ಕಡಲಿನ ಓದುಗ

ಮಲ್ಪೆಯವರು ಅನುಭವದಿಂದ ಹೇಳಿರುವುದಕ್ಕೆ ಸಮುದ್ರವಿಜ್ಞಾನದ ಆಧಾರವೂ ಇದೆ. ನಾನು ಆ ವಿಷಯವನ್ನು ಓದಿದವನಾದ್ದರಿಂದ ಒಂದೆರಡು ಮಾತು ಸೇರಿಸುತ್ತೇನೆ.

ಚಳಿಗೆ ಮೀನು ಮರಗಟ್ಟುತ್ತದೆ ಎಂಬ ಮಾತು ಉತ್ತರದ ದೇಶಗಳಿಗೆ ಹೊಂದೀತು, ನಮ್ಮ ಕರಾವಳಿಗೆ ಹೊಂದುವುದಿಲ್ಲ. ಇಲ್ಲಿ ಜನವರಿಯಲ್ಲಿಯೂ ಮೇಲ್ಮೈ ನೀರು ಸುಮಾರು 27ರಿಂದ 29 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಿಜವಾದ ಬದಲಾವಣೆ ಆಗುವುದು ಕಡಲಿನ ಪ್ರವಾಹದಲ್ಲಿ, ಎಂದರೆ ನೀರು ಹರಿಯುವ ದಿಕ್ಕಿನಲ್ಲಿ. ಮಳೆಗಾಲದಲ್ಲಿ ಕರಾವಳಿಯ ಪ್ರವಾಹ ತೆಂಕಕ್ಕೆ ಹರಿಯುತ್ತದೆ, ಆಳದ ತಂಪು ನೀರು ದಡದ ಬದಿಯಲ್ಲಿ ಮೇಲೇಳುತ್ತದೆ. ಆ ನೀರಿನಲ್ಲಿರುವ ಪೋಷಕಾಂಶಗಳಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ಬೂತಾಯಿ, ಬಂಗುಡೆಗೆ ಆಹಾರವಾಗುತ್ತವೆ. ಹಾಗಾಗಿ ನವರಾತ್ರಿಯ ಹೊತ್ತಿಗೂ ಅವು ದಡದ ಹತ್ತಿರವೇ ಇರುತ್ತವೆ. ಆದರೆ ಮೇಲೆದ್ದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಳದ ನೀರು ಉಸಿರಾಟಕ್ಕೆ ಸಾಲದಂತಾಗಿ ತಳವಾಸಿ ಮೀನುಗಳು ಅಲ್ಲಿಂದ ಜಾಗ ಬಿಡುತ್ತವೆ.

ನವೆಂಬರಿನಿಂದ ಪ್ರವಾಹ ಬಡಗಕ್ಕೆ ತಿರುಗುತ್ತದೆ. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಿರುವ ನೀರು ಶ್ರೀಲಂಕಾವನ್ನು ಸುತ್ತಿಕೊಂಡು ಕೇರಳದ ಮೂಲಕ ನಮ್ಮ ಕಡೆಗೆ ಬರುತ್ತದೆ, ಮೇಲಿನ ಬೆಚ್ಚನೆಯ ಪದರ ದಪ್ಪವಾಗಿ ಕೆಳಕ್ಕೆ ಒತ್ತುತ್ತದೆ. ಇದರಿಂದ ಎರಡು ಪರಿಣಾಮಗಳಿವೆ. ಮೇಲ್ಮೈಯಲ್ಲಿ ಆಹಾರ ಕಡಿಮೆಯಾಗಿ ಹಿಂಡಿನ ಮೀನು ಚದುರುತ್ತದೆ. ತಳಕ್ಕೆ ಆಮ್ಲಜನಕ ಮರಳಿ ಕಾಣೆ, ನಂಗು, ಕೊಡ್ಡಾಯಿಯಂತಹ ತಳದ ಮೀನುಗಳಿಗೆ ನೆಲೆ ಸಿಗುತ್ತದೆ. ಆದ್ದರಿಂದ ಪ್ರಶ್ನೆ ಕೇಳಿದವರು ಚಳಿಗಾಲದಲ್ಲಿ ಬಂಗುಡೆಯ ಆಸೆ ಬಿಟ್ಟು ತಳದ ಗಾಳವನ್ನು ಆರಿಸಿಕೊಳ್ಳುವುದು ಸೂಕ್ತ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಮೀನು ಸಿಗಬಹುದಾದ ವಲಯಗಳನ್ನು ಸೂಚಿಸುತ್ತದೆಯಾದರೂ ಅದು ಬೋಟಿನವರಿಗೆ ಉಪಯುಕ್ತ. ದಡದಲ್ಲಿ ನಿಲ್ಲುವವರು ಅದೇ ಸಂಸ್ಥೆಯ ಅಲೆಯ ಮುನ್ಸೂಚನೆಯನ್ನು ನೋಡಿಕೊಂಡರೆ ಸಾಕು.

ಉತ್ತರ: ಅಘನಾಶಿನಿ ತೀರ

ನಾನು ಕುಮಟಾ ತಾಲ್ಲೂಕಿನವನು, ಗಾಳ ಹಾಕುವುದೇ ನನ್ನ ಹವ್ಯಾಸ. ಬಡಗಿನ ಪರಿಸ್ಥಿತಿ ಬೇರೆಯೇ ಎಂದು ಕೇಳಿದ್ದೀರಿ. ಬೇರೆಯೇ ಹೌದು, ಮತ್ತು ಆ ವ್ಯತ್ಯಾಸ ಕಡಲಿಗಿಂತ ಅಳಿವೆಗಳಲ್ಲಿ ಹೆಚ್ಚು.

ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆ ನಿಂತ ಮೇಲೆ ಹೊಳೆಯ ಸಿಹಿನೀರು ಇಳಿಯುತ್ತ ಹೋದಂತೆ ಉಪ್ಪುನೀರು ತದಡಿಯಿಂದ ಒಳಕ್ಕೆ ಏರುತ್ತ ಹೋಗುತ್ತದೆ, ಚಳಿಗಾಲದ ನಡುವಿನ ಹೊತ್ತಿಗೆ ಕಡಲಿನ ಮೀನು ಅಳಿವೆಯೊಳಗೆ ದೂರದವರೆಗೂ ಬರುತ್ತದೆ. ಬಳಚು (ಚಿಪ್ಪುಮೀನು) ಹೆಕ್ಕುವ ಸಾವಿರಾರು ಜನರ ಬದುಕೂ ಈ ಉಪ್ಪಿನ ಏರಿಳಿತವನ್ನೇ ನಂಬಿದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ನಮಗೆಲ್ಲ ಅಭಿಮಾನದ ಸಂಗತಿ. ಪಕ್ಕದ ಶರಾವತಿಯಲ್ಲಿ ಹಾಗಲ್ಲ. ಲಿಂಗನಮಕ್ಕಿಯ ನೀರು ವಿದ್ಯುದಾಗಾರಗಳನ್ನು ದಾಟಿ ಗೇರುಸೊಪ್ಪೆಯಿಂದ ವರ್ಷವಿಡೀ ಕೆಳಗೆ ಹರಿಯುವುದರಿಂದ ಹೊನ್ನಾವರದ ಅಳಿವೆಯಲ್ಲಿ ಚಳಿಗಾಲದಲ್ಲಿಯೂ ಉಪ್ಪು ಏರುವುದು ಕಡಿಮೆ. ಆದ್ದರಿಂದ ಹೊನ್ನಾವರದಲ್ಲಿ ಗಾಳ ಹಾಕುವವರು ಬಾಯಿಯ ಹತ್ತಿರವೇ, ಉಬ್ಬರ ಒಳಬರುವ ಹೊತ್ತಿಗೆ ನಿಲ್ಲಬೇಕು. ತದಡಿಯಲ್ಲಿ ಒಳಗೆ ಹೋದರೂ ನಡೆಯುತ್ತದೆ. ಎರಡು ಅಳಿವೆಗಳ ನಡುವಿನ ದೂರ ಅಲ್ಪ, ಆದರೂ ಒಂದರ ಲೆಕ್ಕ ಇನ್ನೊಂದಕ್ಕೆ ಸಲ್ಲುವುದಿಲ್ಲ. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡುವುದರಿಂದ ಅಲ್ಲಿಯ ಉಪ್ಪಿನ ಸ್ಥಿತಿಯನ್ನು ಸ್ಥಳೀಯ ಬೀಸುಬಲೆಯವರನ್ನು ಕೇಳಿಯೇ ತಿಳಿಯಬೇಕು.

ಉಬ್ಬರ ಇಳಿತದ ಅಂತರವೂ ಬಡಗಕ್ಕೆ ಹೋದಂತೆ ಹೆಚ್ಚುತ್ತದೆ. ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಮಂಗಳೂರಿನಲ್ಲಿ ಸುಮಾರು ಒಂದೂವರೆ ಮೀಟರ್ ಇದ್ದರೆ ಕಾರವಾರದಲ್ಲಿ ಎರಡು ಮೀಟರಿನ ಹತ್ತಿರ ಬರುತ್ತದೆ. ಅಂತರ ಹೆಚ್ಚಿದಷ್ಟೂ ಅಳಿವೆಯ ಸೆಳೆತ ಹೆಚ್ಚು, ಮೀನಿನ ಓಡಾಟವೂ ಹೆಚ್ಚು. ಅಷ್ಟಮಿಯ ಸುತ್ತಮುತ್ತ ಸೆಳೆತ ತಗ್ಗಿ ನೀರು ನಿಂತಂತಿರುವಾಗ ನಾನು ಅಳಿವೆಗೆ ಹೋಗುವುದಿಲ್ಲ.

ಇನ್ನು ಮರಳು ದಡದ ಕಾಣೆ. ಮಳೆಗಾಲದಲ್ಲಿ ಕೊಚ್ಚಿಹೋದ ಮರಳು ಚಳಿಗಾಲದಲ್ಲಿ ಮರಳಿ ಬಂದು ದಡ ಕಟ್ಟುತ್ತದೆ, ದಡದಿಂದ ಸ್ವಲ್ಪ ಹೊರಗೆ ಮರಳಿನ ದಿಬ್ಬವೂ ಏಳುತ್ತದೆ. ಆ ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗಿನಲ್ಲಿ ಕಾಣೆ ಓಡಾಡುತ್ತದೆ. ಪೂರ್ತಿ ಇಳಿತವಾದಾಗ ಮೊದಲು ಹೋಗಿ ತಗ್ಗು ಎಲ್ಲಿದೆ, ದಿಬ್ಬ ಎಲ್ಲಿ ಕಡಿದಿದೆ ಎಂದು ನೋಡಿ ಗುರುತಿಟ್ಟುಕೊಳ್ಳಿ. ಅನಂತರ ಉಬ್ಬರ ಏರುವಾಗ ಅಲ್ಲಿಗೇ ಗಾಳ ಹಾಕಿ. ಹೆಚ್ಚಿನವರು ಬಲವೆಲ್ಲ ಹಾಕಿ ದೂರಕ್ಕೆ ಎಸೆಯುತ್ತಾರೆ, ಗಾಳ ದಿಬ್ಬದ ಆಚೆ ಬೀಳುತ್ತದೆ, ಮೀನು ಮಾತ್ರ ಕಾಲ ಬುಡದಲ್ಲಿರುತ್ತದೆ. ಕಾಣೆಯ ಬಾಯಿ ಸಣ್ಣದು, ಆದ್ದರಿಂದ ಸಣ್ಣ ಗಾಳ, ತೆಳ್ಳನೆಯ ದಾರ, ನೀರಿನ ಸೆಳೆತಕ್ಕೆ ನಿಧಾನವಾಗಿ ಉರುಳುವಷ್ಟು ಹಗುರ ಸೀಸ ಇರಲಿ. ಮರಳುಹುಳು ಸಿಕ್ಕರೆ ಅದೇ ಶ್ರೇಷ್ಠ, ಇಲ್ಲವಾದರೆ ಸುಲಿದ ಹಸಿ ಚಟ್ಲಿಯ ಸಣ್ಣ ತುಂಡು.

ಬಂಡೆಯಿರುವಲ್ಲಿ, ಉದಾಹರಣೆಗೆ ಕಾಪು ದೀಪಸ್ತಂಭದ ಸುತ್ತ ಅಥವಾ ಮುರುಡೇಶ್ವರದ ಕಡೆ, ಮುಸ್ಸಂಜೆಯಲ್ಲಿ ಕೆಂಬೇರಿ ಮತ್ತು ಮುರು ಮೀನಿಗೆ ಪ್ರಯತ್ನಿಸಬಹುದು. ಅವು ಕಚ್ಚಿದ ಕೂಡಲೇ ಬಂಡೆಯ ಸಂದಿಗೆ ನುಗ್ಗುವುದರಿಂದ ಅಲ್ಲಿ ದಪ್ಪ ದಾರವೇ ಬೇಕು.

ಮರುಪ್ರಶ್ನೆ: ಹೆಮ್ಮಾಡಿ ಹೊಳೆಬದಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಈ ಬಾರಿ ಮರವಂತೆಯಲ್ಲಿ ಇಳಿತದ ಹೊತ್ತಿಗೆ ತಗ್ಗನ್ನು ಗುರುತಿಸಿ ಸಂಜೆ ಗಾಳ ಹಾಕುತ್ತೇನೆ. ಒಂದು ಸಂದೇಹ ಉಳಿದಿದೆ. ಗಂಗೊಳ್ಳಿ, ಕೋಡಿಯ ಕಡಲಿನ ತಡೆಗೋಡೆಯ ತುದಿಯಲ್ಲಿ ಮುಂಜಾನೆ ಕತ್ತಲಲ್ಲಿ ಒಬ್ಬನೇ ನಿಲ್ಲಬಹುದೇ? ಚಳಿಗಾಲದಲ್ಲಿ ಅಲೆಯ ಭಯವಿಲ್ಲ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಮಲ್ಪೆ ಪಡುಕರೆ

ಒಬ್ಬರೇ ನಿಲ್ಲಬೇಡಿ. ಚಳಿಗಾಲದಲ್ಲಿ ಅಲೆಯ ಭಯವಿಲ್ಲವೆಂಬುದು ಸರಿಯಲ್ಲ. ಅರೇಬಿಯಾದ ಕಡೆ ಶಮಾಲ್ ಎಂಬ ಬಲವಾದ ಗಾಳಿ ಬೀಸಿದಾಗ ಅಲ್ಲಿ ಎದ್ದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ದಡಕ್ಕೆ ವಾಯವ್ಯದಿಂದ ಬರುತ್ತವೆ. ಆಗ ಇಲ್ಲಿ ಎಲೆಯೂ ಅಲುಗದಿರಬಹುದು, ಆಕಾಶ ಶುಭ್ರವಾಗಿರಬಹುದು. ಕೆಲ ಹೊತ್ತು ಸಣ್ಣದಾಗಿದ್ದ ಕಡಲು ಇದ್ದಕ್ಕಿದ್ದಂತೆ ಮೂರುನಾಲ್ಕು ದೊಡ್ಡ ಅಲೆಗಳನ್ನು ಒಟ್ಟಿಗೆ ಕಳಿಸುತ್ತದೆ. ತಡೆಗೋಡೆಯ ಕಾಂಕ್ರೀಟು ಕಲ್ಲುಗಳು ಪಾಚಿಯಿಂದ ಜಾರುತ್ತವೆ, ಅವುಗಳ ಸಂದಿಗೆ ಬಿದ್ದವರನ್ನು ಮೇಲೆತ್ತುವುದು ಬಹಳ ಕಷ್ಟ. 2017ರಲ್ಲಿ ಒಖಿ ಚಂಡಮಾರುತ ಅರಬ್ಬೀ ಸಮುದ್ರಕ್ಕೆ ಬಂದಿದ್ದೂ ಡಿಸೆಂಬರಿನ ಆರಂಭದಲ್ಲಿಯೇ ಎಂಬುದನ್ನು ನೆನಪಿಡಿ.

ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಗಾಳ ಬಿಚ್ಚುವ ಮೊದಲು ಕಾಲು ಗಂಟೆ ಸುಮ್ಮನೆ ನಿಂತು ಅಲೆ ಕಲ್ಲಿನ ಮೇಲೆ ಎಲ್ಲಿಯವರೆಗೆ ಹತ್ತುತ್ತಿದೆ ಎಂದು ನೋಡಿ. ಕಲ್ಲು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದಕ್ಕಿಂತ ಸಾಕಷ್ಟು ಮೇಲೆ ನಿಲ್ಲಿ. ಬೋಟುಗಳು ಅಳಿವೆ ದಾಟುವ ಹೊತ್ತಿನಲ್ಲಿ ಗಾಳವನ್ನು ಹಿಂದಕ್ಕೆ ಎಳೆದುಕೊಳ್ಳಿ, ದಾರ ಬೋಟಿನ ಕೆಳಗಿನ ಫ್ಯಾನಿಗೆ ಸುತ್ತಿಕೊಂಡರೆ ಅವರ ಆ ದಿನದ ದುಡಿಮೆಯೇ ನಿಲ್ಲುತ್ತದೆ.