ಪದಚರ್ಚೆ: ಮೂರನೇ ತರಗತಿಗೆ ‘ಭಾವಚಿತ್ರ’, ‘ಅಮೂರ್ತ’ ನಡೆಯುತ್ತದೆಯೇ?

ಪ್ರಶ್ನೆ: ಮಡಿಕೇರಿ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಿಗೆ ಚಿತ್ರಕಲೆಯ ಅಭ್ಯಾಸ ಹಾಳೆ ಸಿದ್ಧವಾಗುತ್ತಿದೆ. ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ. ಪೋರ್ಟ್ರೇಟ್‌ಗೆ ಭಾವಚಿತ್ರ, ಅಬ್‌ಸ್ಟ್ರಾಕ್ಟ್‌ಗೆ (ವಸ್ತುವಿನ ಗುರುತು ಸಿಗದ ಚಿತ್ರಕ್ಕೆ) ಅಮೂರ್ತ ಎಂದರೆ ಸಾಕೇ? ಮುಖಚಿತ್ರ, ನವ್ಯಚಿತ್ರ ಎಂಬ ಸಲಹೆಗಳೂ ಬಂದಿವೆ.

ಉತ್ತರ: ಭಾವಚಿತ್ರ ಬೇಡ ಮೇಡಂ. ಗಾಂಧಿ ಜಯಂತಿಯಂದು ‘ಭಾವಚಿತ್ರಕ್ಕೆ ಪುಷ್ಪಾರ್ಚನೆ’ ಎಂದು ಕೇಳಿದ ಮಗುವಿಗೆ ಅದು ಗೋಡೆಯ ಫೋಟೊ. ಹಾಳೆಯಲ್ಲಿ ಮೊದಲು ಚೌಕಟ್ಟು, ಹಾರ ಮೂಡುತ್ತವೆ, ಮುಖ ಆಮೇಲೆ. ಮುಖಚಿತ್ರ ಪತ್ರಿಕೆಯವರ ಮಾತು, ವ್ಯಕ್ತಿಚಿತ್ರ ಬರಹಕ್ಕೂ ಸಲ್ಲುತ್ತದೆ. ‘ನೋಡಿ ಬರೆದ ಮುಖ’ ಎನ್ನಿ.

‘ನೋಡಿ’ ಎಂಬುದನ್ನು ಬಿಡಬೇಡಿ. ನೋಡದೆ ಬರೆದರೆ ಕಣ್ಣು ಹಣೆಗೇರುತ್ತದೆ, ಏಕೆಂದರೆ ಮಕ್ಕಳು ಹಣೆ, ಕೂದಲಿಗೆ ಜಾಗವನ್ನೇ ಇಡುವುದಿಲ್ಲ. ಹಾಳೆಯನ್ನು ಅಡ್ಡಕ್ಕೆ ಸರಿಯಾಗಿ ಅರ್ಧ ಮಡಿಸಿ ಬಿಚ್ಚಿಸಿ. ಮೇಲಂಚು, ಕೆಳಅಂಚು ಎರಡಕ್ಕೂ ತಾಗುವ ಮೊಟ್ಟೆಯಾಕಾರ ಬರೆಸಿ. ಮಡಿಕೆಯ ಗೆರೆಯೇ ಕಣ್ಣಿನ ಗೆರೆ. ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನಷ್ಟು ಜಾಗ. ಕಣ್ಣಿನ ಗೆರೆಯಿಂದ ಗದ್ದದವರೆಗಿನ ಅರ್ಧದಲ್ಲಿ ಮೂಗಿನ ತುದಿ. ಮೂಗಿನಿಂದ ಗದ್ದದವರೆಗಿನ ಮೂರನೇ ಒಂದು ಭಾಗ ಇಳಿದರೆ ತುಟಿಗಳ ನಡುಗೆರೆ. (ಗಲ್ಲ ಎಂದು ಅಚ್ಚು ಹಾಕಿಸಬೇಡಿ, ಅರ್ಧ ಜನರಿಗೆ ಅದು ಕೆನ್ನೆ.)

ಅಮೂರ್ತ ಶಿಕ್ಷಕರ ಕೈಪಿಡಿಯಲ್ಲಿರಲಿ. ನವ್ಯ ಎನ್ನುವುದು ಕಾಲವನ್ನು ಹೇಳುತ್ತದೆ, ಚಿತ್ರದ ಬಗೆಯನ್ನಲ್ಲ. ಮಕ್ಕಳ ಹಾಳೆಗೆ ಹೆಸರಿಗಿಂತ ಕೆಲಸ ಬೇಕು. ‘ಅಮೂರ್ತ ಚಿತ್ರ ಬಿಡಿಸಿ’ ಎಂದರೆ ಗೀಚುತ್ತಾರೆ, ಇಲ್ಲವೇ ಅದೇ ಬೆಟ್ಟ, ಸೂರ್ಯ. ಅದರ ಬದಲು ರಟ್ಟಿನಲ್ಲಿ 4 ಸೆಂ.ಮೀ. ಚೌಕದ ಕಿಂಡಿ ಕತ್ತರಿಸಿ, ಕಾಫಿ ಕಾಯಿಯ ಗೊಂಚಲಿನ ಮೇಲಿಟ್ಟು, ‘ಕಿಂಡಿಯಲ್ಲಿ ಕಂಡಷ್ಟನ್ನೇ ಹಾಳೆ ತುಂಬ ದೊಡ್ಡದಾಗಿ ಬರೆ’ ಎನ್ನಿ. ಕಾಯಿ, ಎಲೆ ಎಂಬ ಗುರುತು ತಾನಾಗಿ ಕಳಚಿ ಬಳೆ, ಪಟ್ಟೆ, ಚುಕ್ಕೆ ಉಳಿಯುತ್ತವೆ. ಇದಕ್ಕೆ ‘ಕಿಂಡಿ ಚಿತ್ರ’ ಎಂಬ ಹೆಸರು ಸಾಲದೇ? ವಸ್ತುವೇ ಇಲ್ಲದ ಬಗೆ ಬೇರೆ; ವಾಲಗದ ಧ್ವನಿಮುದ್ರಣ ಹಾಕಿ ಬರೆಸುವುದಾದರೆ ‘ಸದ್ದಿನ ಗೆರೆ’ ಎನ್ನಬಹುದು.

ಬಣ್ಣದ ಸೂಚನೆಯಲ್ಲಿ ‘ಒಣಗಿದ ಮೇಲೆ’ ಎಂದು ಬರೆದಿದ್ದರೆ ತೆಗೆಯಿರಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ 40 ನಿಮಿಷದ ಪೀರಿಯಡ್‌ನೊಳಗೆ ಪೋಸ್ಟರ್ ಬಣ್ಣ ಒಣಗದು. ಹಸಿಯ ಮೇಲೆ ಕೆಂಪು, ಹಸಿರು ಕೂಡಿದರೆ ಕೆಸರು ಬಣ್ಣ. ಗೆರೆಗಳನ್ನೆಲ್ಲ ಆಯಿಲ್ ಪೇಸ್ಟಲ್‌ನಲ್ಲಿ ಒತ್ತಿ ಬರೆಸಿ, ಮೇಲೆ ತೆಳು ಜಲವರ್ಣ ಒಂದೇ ಸಲ ಎಳೆಸಿ. ಎಣ್ಣೆಯಂಶ ನೀರನ್ನು ದೂಡುವುದರಿಂದ ಗೆರೆ ಉಳಿಯುತ್ತದೆ. ಈ ಕ್ರಿಯೆಗೆ ‘ಬಳಿ’ ಎಂದರೆ ಮಕ್ಕಳು ಗೋಡೆಗೆ ಸುಣ್ಣ ಬಳಿದ ಹಾಗೆ ತಿಕ್ಕುತ್ತಾರೆ, ಆಗ ತೆಳು ಹಾಳೆ ಹರಿಯುತ್ತದೆ. ‘ಹರಿಸು’ ಎಂದು ಬರೆಯಿರಿ.